ಗೆಳೆಯನಿಗೊಂದು ಪತ್ರ: ಕಾಲ್ಡರ್ ಸೆಲೆಬ್ರಿನಿಗೆ ಯಾಕೆ ಸಿಗಲಿಲ್ಲ?

ಪ್ರಿಯ ಗೆಳೆಯ,

ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ವರ್ಷದ ಶ್ರೇಷ್ಠ ಹೊಸಬನಿಗೆ ಕೊಡುವ ಕಾಲ್ಡರ್ ಟ್ರೋಫಿ 2024–25ರಲ್ಲಿ ಡಿಫೆಂಡರ್ ಲೇನ್ ಹಟ್ಸನ್‌ಗೆ ಹೋಯಿತು. ಅದು ಮ್ಯಾಕ್ಲಿನ್ ಸೆಲೆಬ್ರಿನಿಗೇ ಸಲ್ಲಬೇಕಿತ್ತು ಅಂತ ನೀನಿನ್ನೂ ಹಟ ಬಿಟ್ಟಿಲ್ಲ. ನಿನ್ನ ವಾದದಲ್ಲಿ ಹುರುಳಿಲ್ಲ ಅನ್ನಲಾರೆ. ಆದರೆ ಸೆಲೆಬ್ರಿನಿ ಎಷ್ಟು ಚೆನ್ನಾಗಿ ಆಡಿದ ಅನ್ನುವುದನ್ನಷ್ಟೇ ನೀನು ನೋಡುತ್ತಿದ್ದೀಯ. ಆ ವರ್ಷ ಎದುರಿಗೆ ಯಾರಿದ್ದರು, ಅವರು ಹೊತ್ತ ಕೆಲಸ ಏನು ಅನ್ನುವುದರ ಮೇಲೆ ಈ ಪ್ರಶಸ್ತಿ ನಿಂತಿದೆ.

ಮೊದಲು ಅರ್ಹತೆಯ ವಿಷಯ ಮುಗಿಸೋಣ, ಯಾಕೆಂದರೆ ಕ್ಯಾಲ್ಗರಿಯ ಗೋಲ್‌ಕೀಪರ್ ಡಸ್ಟಿನ್ ವುಲ್ಫ್ ‘ಹೊಸಬನೇ ಅಲ್ಲ’ ಅಂತ ಅವನನ್ನು ಪಟ್ಟಿಯಿಂದಲೇ ತೆಗೆದುಬಿಟ್ಟಿದ್ದೀಯ. ಎನ್‌ಎಚ್‌ಎಲ್ ನಿಯಮದ ಪ್ರಕಾರ, ಹಿಂದಿನ ಯಾವುದೇ ಒಂದು ಸೀಸನ್‌ನಲ್ಲಿ 25ಕ್ಕಿಂತ ಹೆಚ್ಚು ಪಂದ್ಯ ಆಡಿರಬಾರದು. ಹಿಂದಿನ ಯಾವುದೇ ಎರಡು ಸೀಸನ್‌ಗಳಲ್ಲಿ ತಲಾ 6 ಅಥವಾ ಅದಕ್ಕಿಂತ ಹೆಚ್ಚು ಪಂದ್ಯ ಆಡಿರಬಾರದು. ಆ ಸೀಸನ್‌ನ ಸೆಪ್ಟೆಂಬರ್ 15ಕ್ಕೆ 26 ತುಂಬಿರಬಾರದು. ವುಲ್ಫ್ 2022–23ರಲ್ಲಿ ಆಡಿದ್ದು 1 ಪಂದ್ಯ, ಮರುವರ್ಷ 17. ಹಾಗಾಗಿ ಅವನು ಹೊಸಬನೇ. ವಯಸ್ಸಿನ ಮಿತಿ ಬಂದದ್ದು ಸೆರ್ಗೈ ಮಕಾರೋವ್ ದೆಸೆಯಿಂದ: ಸೋವಿಯತ್ ಹಾಕಿಯಲ್ಲಿ ಪಳಗಿ ಬಂದ ಅವನು 1990ರಲ್ಲಿ, 31ರ ವಯಸ್ಸಿನಲ್ಲಿ ‘ಹೊಸಬ’ನಾಗಿ ಗೆದ್ದ. ಇನ್ನೊಂದು ತಮಾಷೆ ಕೇಳು. ಪ್ಲೇ-ಆಫ್ ಪಂದ್ಯಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೇ ಕೆನ್ ಡ್ರೈಡನ್ 1971ರಲ್ಲಿ ಪ್ಲೇ-ಆಫ್‌ನ ಶ್ರೇಷ್ಠ ಆಟಗಾರನಾಗಿ ಕಾನ್ ಸ್ಮೈಥ್ ಗೆದ್ದು, 1972ರಲ್ಲಿ ಕಾಲ್ಡರ್ ಕೂಡ ಎತ್ತಿಕೊಂಡ!

ಈಗ ನಿನ್ನ ಮುಖ್ಯ ಅಸ್ತ್ರ, ಪಂದ್ಯಕ್ಕೆ ಸರಾಸರಿ. ಸೆಲೆಬ್ರಿನಿ 70 ಪಂದ್ಯಗಳಲ್ಲಿ 25 ಗೋಲು, 38 ಅಸಿಸ್ಟ್ (ಗೋಲಿಗೆ ದಾರಿ ಮಾಡಿಕೊಟ್ಟ ಪಾಸ್), ಒಟ್ಟು 63 ಅಂಕ. ಅಂದರೆ ಪಂದ್ಯಕ್ಕೆ 0.90. ಲೇನ್ ಹಟ್ಸನ್ 82 ಪಂದ್ಯಗಳಲ್ಲಿ 6 ಗೋಲು, 60 ಅಸಿಸ್ಟ್, ಒಟ್ಟು 66; ಪಂದ್ಯಕ್ಕೆ 0.80. ಸೊಂಟದ ಗಾಯಕ್ಕೆ ಹನ್ನೆರಡು ಪಂದ್ಯ ತಪ್ಪಿದ್ದು ಸೆಲೆಬ್ರಿನಿಯ ತಪ್ಪಲ್ಲ ಅನ್ನುತ್ತೀಯ, ಒಪ್ಪಿದೆ. ಹಿಂದಿನ ವರ್ಷ ಕಾನರ್ ಬೆಡಾರ್ಡ್ 14 ಪಂದ್ಯ ತಪ್ಪಿಸಿಕೊಂಡೂ ಗೆದ್ದನಲ್ಲ ಅಂತಲೂ ಕೇಳುತ್ತೀಯ. ವ್ಯತ್ಯಾಸ ಇರುವುದೇ ಅಲ್ಲಿ ಕಣೋ. ಬೆಡಾರ್ಡ್ 68 ಪಂದ್ಯಗಳಲ್ಲೇ 61 ಅಂಕ ಗಳಿಸಿ ಹೊಸಬರಲ್ಲೆಲ್ಲ ಮುಂದಿದ್ದ. ಮತದಾನದಲ್ಲಿ ಎರಡನೆಯವನಾದ ಬ್ರಾಕ್ ಫೇಬರ್ ಗಳಿಸಿದ್ದು 47. ತಪ್ಪಿದ ಪಂದ್ಯಗಳ ನಷ್ಟ ತುಂಬಿ ಮಿಗುವಷ್ಟು ಅಂತರ ಅದು. ಸೆಲೆಬ್ರಿನಿಗೆ ಆ ಅಂತರ ಇರಲಿಲ್ಲ. ಫಿಲಡೆಲ್ಫಿಯಾದ ಮಾಟ್ವೆ ಮಿಚ್ಕೋವ್ ಕೂಡ ಅಷ್ಟೇ 63ಕ್ಕೆ ಬಂದು ನಿಂತಿದ್ದ. 2015–16ರಲ್ಲಿ ಕಾನರ್ ಮೆಕ್‌ಡೇವಿಡ್ 45 ಪಂದ್ಯಗಳಲ್ಲಿ 48 ಅಂಕ ಹೊಡೆದ, ಸರಾಸರಿ ಒಂದಕ್ಕಿಂತ ಮೇಲೆ. ಆದರೂ ಗೆದ್ದದ್ದು 80 ಪಂದ್ಯಗಳಲ್ಲಿ 77 ಅಂಕದ ಪನಾರಿನ್. ಸರಾಸರಿ ಚೆನ್ನಾಗಿದ್ದರೂ ಬೆಂಚಿನ ಹೊರಗಿದ್ದ ರಾತ್ರಿ ತಂಡಕ್ಕೆ ಅವನಿಂದ ಏನೂ ದಕ್ಕುವುದಿಲ್ಲ.

ಬರೀ ಅಸಿಸ್ಟ್‌ಗಳಿಂದಲೇ ಹಟ್ಸನ್ ಗೆದ್ದ ಅನ್ನುವುದೂ ಅರ್ಧ ಸತ್ಯ. ಡಿಫೆಂಡರ್ ಆದ ಹೊಸಬನೊಬ್ಬ 60 ಅಸಿಸ್ಟ್ ಮಾಡಿ 1980–81ರ ಲ್ಯಾರಿ ಮರ್ಫಿಯ ದಾಖಲೆ ಸರಿಗಟ್ಟಿದ್ದು ನಿಜ. ಆದರೆ ಆ ಮರ್ಫಿಗೇ ಕಾಲ್ಡರ್ ಸಿಗಲಿಲ್ಲ! ಅವನ 76 ಅಂಕಕ್ಕೆ ಎದುರಾಗಿ ಪೀಟರ್ ಸ್ಟಾಸ್ಟ್ನಿ 109 ಗಳಿಸಿದ್ದ. ಹಟ್ಸನ್‌ಗೆ ಅಂಥ ಎದುರಾಳಿ ಇರಲಿಲ್ಲ. ಮೇಲಾಗಿ ಡಿಫೆಂಡರ್ ಆಗಿದ್ದೂ ಹೊಸಬರ ಅಂಕಪಟ್ಟಿಯ ತುದಿಯಲ್ಲಿ ಅವನೇ ಇದ್ದ, ಪಂದ್ಯಕ್ಕೆ 22 ನಿಮಿಷಕ್ಕೂ ಹೆಚ್ಚು ಐಸ್ ಮೇಲಿದ್ದ.

ಅವನ ಆಟವನ್ನು ಬ್ಲೂಲೈನ್ ಹತ್ತಿರ, ಅಂದರೆ ಎದುರಾಳಿಯ ವಲಯ ಶುರುವಾಗುವ ನೀಲಿ ಗೆರೆಯ ಹತ್ತಿರ ಗಮನಿಸು. ಪಕ್ (ಚೆಂಡಿನ ಬದಲಿಗಿರುವ ಬಿಲ್ಲೆ) ಹಿಡಿದು ಗೆರೆಗುಂಟ ಜಾರುತ್ತ ಒಂದು ಭುಜ ಇಳಿಸುತ್ತಾನೆ. ಅಡ್ಡ ನಿಂತ ಫಾರ್ವರ್ಡ್ ಆ ಕಡೆ ವಾಲುತ್ತಾನೆ. ಹಟ್ಸನ್ ಈ ಕಡೆ ತಿರುಗಿದ್ದೇ ಗೋಲಿನತ್ತ ದಾರಿ ತೆರೆದಿರುತ್ತದೆ. ಇದು ಎಲ್ಲರೂ ಮಾಡದಿರುವುದಕ್ಕೆ ಕಾರಣ ಇದೆ. ಕೊನೆಯ ಆಟಗಾರನಾಗಿ ಅಲ್ಲಿ ಪಕ್ ಕಳಕೊಂಡರೆ ಹಿಂದೆ ಕಾಯಲು ಯಾರೂ ಇಲ್ಲ, ಎದುರಾಳಿ ನೇರವಾಗಿ ಗೋಲ್‌ಕೀಪರ್ ಮೇಲೆ ನುಗ್ಗುತ್ತಾನೆ.

ಒಂದು ಗೋಲಿಗೆ ಹೆಚ್ಚೆಂದರೆ ಇಬ್ಬರಿಗೆ ಅಸಿಸ್ಟ್ ಸಿಗುತ್ತದೆ: ಗೋಲಿಗೆ ಮುಂಚಿನ ಪಾಸ್ ಮೊದಲನೆಯದು, ಅದರ ಹಿಂದಿನದು ಎರಡನೆಯದು. ಎರಡಕ್ಕೂ ಒಂದೇ ಬೆಲೆ. ಹಾಗಾಗಿ ಪಂದ್ಯದ ಸ್ಕೋರ್‌ಶೀಟ್ ತೆಗೆದು ಮೊದಲ ಅಸಿಸ್ಟನ್ನೂ ಎರಡನೆಯದನ್ನೂ ಬೇರೆ ಮಾಡು. ಪವರ್‌ಪ್ಲೇ (ಎದುರಾಳಿಯ ಆಟಗಾರ ಶಿಕ್ಷೆಗೆ ಹೊರಗಿರುವಾಗಿನ ಆಟ) ಅಂಕಗಳನ್ನು ಪಕ್ಕಕ್ಕಿಡು. ಎರಡನೆಯ ಅಸಿಸ್ಟನ್ನು ಪೂರ್ತಿ ಕಸ ಅಂತ ಮಾತ್ರ ಎಸೆಯಬೇಡ, ಡಿಫೆಂಡರ್ ತನ್ನ ವಲಯದಿಂದ ಪಕ್ ಹೊರತೆಗೆದ ಪಾಸ್ ಅನೇಕ ಸಲ ಅದೇ ಆಗಿರುತ್ತದೆ. ಪ್ಲಸ್-ಮೈನಸ್ (ಆಟಗಾರ ಐಸ್ ಮೇಲಿದ್ದಾಗ ತಂಡ ಹೊಡೆದ ಗೋಲಿಗೂ ಬಿಟ್ಟ ಗೋಲಿಗೂ ಇರುವ ವ್ಯತ್ಯಾಸ) ಅಂತೂ ಬೇಡವೇ ಬೇಡ: ಲೀಗ್‌ನ ಕೊನೆಯ ಸ್ಥಾನದ ಸ್ಯಾನ್ ಹೊಸೆಯಲ್ಲಿ ಆಡಿದ ಸೆಲೆಬ್ರಿನಿಗೆ ಅದರಿಂದ ಅನ್ಯಾಯವಾಗುತ್ತದೆ.

ನಿಜವಾದ ಜಗಳ ಇರುವುದು ಎರಡನೆಯ ಸ್ಥಾನಕ್ಕೆ. ವುಲ್ಫ್‌ನ ದಾಖಲೆ 29 ಗೆಲುವು, 16 ಸೋಲು, 8 ಹೆಚ್ಚುವರಿ ಅವಧಿಯ ಸೋಲು, ಸೇವ್ ಪ್ರಮಾಣ (ಬಂದ ಹೊಡೆತಗಳಲ್ಲಿ ತಡೆದದ್ದರ ಪಾಲು) .910. ಲೀಗ್ ಸರಾಸರಿ ಸುಮಾರು .900. ಕೂದಲೆಳೆಯ ವ್ಯತ್ಯಾಸ ಅನ್ನಿಸಬಹುದು. ಆದರೆ ಸುಮಾರು 1,500 ಹೊಡೆತಗಳ ಮೇಲೆ ಅದು 15 ಗೋಲು. ಆರು ಗೋಲಿಗೆ ಒಂದು ಗೆಲುವು ಅನ್ನುವ ರೂಢಿಯ ಲೆಕ್ಕ ಹಿಡಿದರೆ ಎರಡೂವರೆ ಗೆಲುವು, ಗೆಲುವಿಗೆ ಎರಡರಂತೆ ತಂಡಗಳ ಪಟ್ಟಿಯಲ್ಲಿ ಐದು ಅಂಕ. ಕ್ಯಾಲ್ಗರಿಗೆ ಪ್ಲೇ-ಆಫ್ ಕೈತಪ್ಪಿದ್ದು ಸೇಂಟ್ ಲೂಯಿ ಜೊತೆ 96 ಅಂಕದಲ್ಲಿ ಸಮವಾಗಿ, ಟೈಬ್ರೇಕರ್‌ನಲ್ಲಿ. ವುಲ್ಫ್ ಇಲ್ಲದಿದ್ದರೆ ಆ ತಂಡ ಕೊನೆಯ ವಾರದವರೆಗೂ ರೇಸಿನಲ್ಲಿ ಇರುತ್ತಲೇ ಇರಲಿಲ್ಲ. ಮತದಾರರು ಅವನನ್ನು ಸೆಲೆಬ್ರಿನಿಗಿಂತ ಮೇಲಿಟ್ಟದ್ದು ನನಗೂ ಒಪ್ಪಿಗೆ. 2009ರ ಸ್ಟೀವ್ ಮೇಸನ್ ನಂತರ ಯಾವ ಗೋಲ್‌ಕೀಪರ್‌ಗೂ ಈ ಟ್ರೋಫಿ ಸಿಕ್ಕಿರಲಿಲ್ಲ, ಅದನ್ನು ನೆನಪಿಟ್ಟರೆ ಎರಡನೆಯ ಸ್ಥಾನವೂ ದೊಡ್ಡದೇ.

ಮತಪತ್ರದಲ್ಲಿ ಐದು ಹೆಸರು ಬರೆಯಬೇಕು. ಕ್ರಮವಾಗಿ 10, 7, 5, 3, 1 ಅಂಕ. ನನ್ನದು ಹಟ್ಸನ್, ವುಲ್ಫ್, ಸೆಲೆಬ್ರಿನಿ, ಮಿಚ್ಕೋವ್, ಐದನೆಯದಾಗಿ 20 ಗೋಲು ಹೊಡೆದ ಕಟರ್ ಗೋತಿಯೆ. ಹಾಕಿ ಬರಹಗಾರರು ಮತ ಹಾಕುವುದು ಪ್ಲೇ-ಆಫ್ ಶುರುವಾಗುವ ಮೊದಲು. ಮುಂದಿನ ಸಲ ನೀನೂ ನಿನ್ನ ಐದು ಹೆಸರನ್ನು ಅಷ್ಟರೊಳಗೆ ಬರೆದು ಕಳಿಸು, ಆಮೇಲೆ ಯಾರೋ ಪ್ಲೇ-ಆಫ್‌ನಲ್ಲಿ ಹೊಡೆದ ಗೋಲು ತೋರಿಸಿ ಪಟ್ಟಿ ಬದಲಿಸುವ ಹಾಗಿಲ್ಲ.

ನಿನ್ನ ಗೆಳೆಯ