ಭಾನುವಾರ ಕೇಳೋಣ: ಎರಡು ಸಲ ಬರೆದ ಕನ್ಸರ್ಟೊ

ಎಲ್ಲರಿಗೂ ಶರಣು. ಈ ಭಾನುವಾರ ಸಂಜೆ 5ಕ್ಕೆ ಅಪ್ಪನ ಕೆರೆ ಹತ್ತಿರದ ನಮ್ಮ ಮನೆ ಮಾಳಿಗೆ ಮೇಲೆ ಸೇರೋಣ. ಹೊಸಬರೂ ಬರಬಹುದು.

ಈ ಸಲ ಫಿನ್ಲೆಂಡಿನ ಸಂಗೀತ ರಚನಕಾರ ಸಿಬೇಲಿಯಸ್‌ನ ವಯಲಿನ್ ಕನ್ಸರ್ಟೊ, ಅಂದರೆ ಒಂದು ವಯಲಿನ್ ಮುಂದೆ ನಿಂತು ಇಡೀ ವಾದ್ಯವೃಂದದ ಜೊತೆ ನುಡಿಸುವ ಕೃತಿ. 1904ರಲ್ಲಿ ಹೆಲ್ಸಿಂಕಿಯಲ್ಲಿ ಮೊದಲ ಸಲ ನುಡಿಸಿದಾಗ ಅದು ಗೆಲ್ಲಲಿಲ್ಲ, ಆಮೇಲೆ ಆತ ಕೂತು ಸಾಕಷ್ಟು ಕತ್ತರಿಸಿ ತಿದ್ದಿದ, ಆ ಹೊಸ ರೂಪ 1905ರಲ್ಲಿ ಬರ್ಲಿನ್‌ನಲ್ಲಿ ಹೊರಬಂತು, ಇವತ್ತು ಎಲ್ಲರೂ ನುಡಿಸುವುದು ಅದನ್ನೇ. ಮೊದಲ ಭಾಗದಲ್ಲಿ ವಯಲಿನ್ ಒಂಟಿಯಾಗಿ ನುಡಿಸುವ ಕೆಡೆನ್ಜಾ ಎರಡಿದ್ದವು. ಒಂದನ್ನು ತೆಗೆದೇ ಬಿಟ್ಟ. ಉಳಿದದ್ದು ಕೊನೆಯಲ್ಲಿಲ್ಲ, ನಟ್ಟನಡುವೆ ಇದೆ, ರಾಗ ಬೆಳೆಸುವ ಕೆಲಸವನ್ನೂ ಅದೇ ಮಾಡುತ್ತೆ. (ಚೆಂದದ ತಾನ್ ಆದರೂ ಬಿಡಬೇಕಾಗುತ್ತೆ, ನಮ್ಮ ಗುಂಪಿನ ಗಾಯಕರೂ ಕೇಳಿಸಿಕೊಳ್ಳಿ!)

ವಯಲಿನ್ ವಾದಕ ಕವಾಕೋಸ್ ಎರಡೂ ರೂಪಗಳನ್ನು ರೆಕಾರ್ಡ್ ಮಾಡಿದ್ದಾರೆ. ಬರುವ ಮುಂಚೆ ಎರಡರ ಮೊದಲ ಭಾಗ ಮಾತ್ರ ಇಯರ್‌ಫೋನ್ ಹಾಕಿ ಕೇಳಿ, ಕೆಡೆನ್ಜಾ ಎಷ್ಟನೇ ನಿಮಿಷಕ್ಕೆ ಶುರುವಾಗುತ್ತೆ ಅಂತ ಚೀಟಿಯಲ್ಲಿ ಬರೆದುಕೊಳ್ಳಿ.

ಹೋದ ಸಲ ಸ್ಪೀಕರ್ ಚಾರ್ಜ್ ಮುಗಿದು ಮೊಬೈಲ್ ಸುತ್ತ ಕಿವಿ ಇಟ್ಟು ಕೂತಿದ್ವಿ, ಅಲ್ವಾ? ಯಾರಾದರೂ ಒಬ್ಬರು ಚಾರ್ಜ್ ಮಾಡಿದ ಸ್ಪೀಕರ್ ತನ್ನಿ. ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹೇಳಿ, ಸುಮ್ನೆ ಹೆಬ್ಬೆರಳು ಒತ್ತಬೇಡಿ. ಸುಸಲಾ, ಮಿರ್ಚಿ ಲೆಕ್ಕ ಹಾಕಬೇಕು.