ಅಂಕ ಕೊಡುವ ಮುಂಚೆ ಹಾಡು ಯಾವುದೆಂದು ಖಾತ್ರಿಯಾಗಲಿ

ಮಾನ್ಯ ಸಂಪಾದಕರೇ,

ತೊಂಬತ್ತರ ದಶಕದ ಬ್ರಿಟಿಷ್ ಪಾಪ್ ಸಂಕಲನಗಳನ್ನು ಅಭಿಮಾನಿಗಳು ಈಗ ಮೊದಲಿನಿಂದ ಕೇಳಿ, ಹಾಡು ಹಾಡಿಗೂ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕುತ್ತಿದ್ದಾರೆ. ಮುಖ್ಯವಾಗಿ ‘ನೌ ದಟ್ಸ್ ವಾಟ್ ಐ ಕಾಲ್ ಮ್ಯೂಸಿಕ್’ ಸರಣಿಗೆ. 1983ರ ನವೆಂಬರಿನಲ್ಲಿ ಶುರುವಾದ ಈ ಸರಣಿಯ 17ರಿಂದ 44ರವರೆಗಿನ 28 ಸಂಪುಟಗಳು ಆ ದಶಕದವು. ತುಂಬ ಒಳ್ಳೆಯ ಕೆಲಸ. ಆದರೆ ಇಂಥ ಮತದಾನ ಹಳ್ಳ ಹಿಡಿಯುವುದು ಎಣಿಕೆಯಲ್ಲಲ್ಲ, ಅದಕ್ಕೂ ಮುಂಚೆ. ಎಲ್ಲರೂ ಒಂದೇ ಹಾಡನ್ನು ಕೇಳಿರುವುದಿಲ್ಲ.

ಕಾರ್ನರ್‌ಶಾಪ್ ತಂಡದ ‘ಬ್ರಿಮ್‌ಫುಲ್ ಆಫ್ ಆಶಾ’ ತೆಗೆದುಕೊಳ್ಳಿ. ನಮ್ಮ ಆಶಾ ಭೋಸ್ಲೆಯವರ ಮೇಲಿನ ಅಕ್ಕರೆಯಿಂದ ಹುಟ್ಟಿದ ಹಾಡು. 1997ರಲ್ಲಿ ಬಂದಾಗ ಬ್ರಿಟನ್ನಿನ ಜನಪ್ರಿಯ ಹಾಡುಗಳ ವಾರದ ಪಟ್ಟಿಯಲ್ಲಿ 60ನೇ ಸ್ಥಾನಕ್ಕೇ ನಿಂತಿತು. ಬ್ರಿಟಿಷ್ ಡಿಜೆ ನಾರ್ಮನ್ ಕುಕ್ ಅದರ ವೇಗ ಏರಿಸಿ, ಡ್ರಮ್ ಗಟ್ಟಿ ಮಾಡಿ ರೀಮಿಕ್ಸ್ ಕೊಟ್ಟ ಮೇಲೆ 1998ರ ಫೆಬ್ರವರಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ಆಲ್ಬಮ್ಮಿನ ಮೂಲ ಹಾಡು ಐದು ನಿಮಿಷ ದಾಟುತ್ತದೆ; ಗಿಟಾರು ಅವಸರವಿಲ್ಲದೆ ತೂಗುತ್ತದೆ, ದನಿಯೂ ತಗ್ಗಿನದು. ರೀಮಿಕ್ಸಿನಲ್ಲಿ ಅದೇ ದನಿ ಮೇಲಕ್ಕೆ ಏರಿ ಕುಣಿಯುತ್ತದೆ. ಒಬ್ಬರು ಇದನ್ನು, ಇನ್ನೊಬ್ಬರು ಅದನ್ನು ಕೇಳಿ ಕೊಟ್ಟ ಅಂಕಗಳನ್ನು ಕೂಡಿಸಿ ಭಾಗಿಸಿದರೆ ಸಿಗುವ ಸರಾಸರಿ ಯಾವ ಹಾಡಿನದೂ ಅಲ್ಲ.

ಸ್ಟ್ರೀಮಿಂಗ್ ಪಟ್ಟಿಯನ್ನು ನಂಬಿ ಮತ ಹಾಕುವವರಿಗೆ ಇದು ಹೆಚ್ಚು ಕಾಡುತ್ತದೆ. ಕೆಎಲ್‌ಎಫ್ ಎಂಬ ಬ್ರಿಟಿಷ್ ಸಂಗೀತ ಜೋಡಿ 1992ರಲ್ಲಿ ತಮ್ಮ ರೆಕಾರ್ಡುಗಳನ್ನೆಲ್ಲ ಬ್ರಿಟನ್ನಿನ ಮಾರುಕಟ್ಟೆಯಿಂದ ಹಿಂತೆಗೆದುಕೊಂಡರು. ಅವುಗಳಲ್ಲಿ ಮೊದಲ ಕೆಲವು ಸ್ಟ್ರೀಮಿಂಗಿಗೆ ಬಂದದ್ದೇ 2021ರ ಜನವರಿ 1ರಂದು. ಕೆಲವು ಕಲಾವಿದರು ಹಳೆಯ ಹಾಡನ್ನು ಮತ್ತೆ ಹಾಡಿ ಅದೇ ಹೆಸರಿನಲ್ಲಿ ಬಿಟ್ಟಿರುತ್ತಾರೆ. ಹಾಗಾಗಿ ಸಿಡಿಯ ಹಿಂಬದಿಯಲ್ಲಿರುವ ಆವೃತ್ತಿಯ ಹೆಸರು ಮತ್ತು ನಿಮಿಷ-ಸೆಕೆಂಡು ಎರಡನ್ನೂ ಮತಪತ್ರದಲ್ಲೇ ಬರೆಯಬೇಕು. ಅವಧಿ ಹತ್ತು ಸೆಕೆಂಡಿಗಿಂತ ಹೆಚ್ಚು ಬೇರೆಯಾದರೆ ಅನುಮಾನಿಸಿ. 74 ನಿಮಿಷದ ಒಂದು ಸಿಡಿಗೆ 20 ಹಾಡು ತುಂಬಿದರೆ ಒಂದಕ್ಕೆ ಸಿಗುವುದು 3 ನಿಮಿಷ 42 ಸೆಕೆಂಡು. ಉದ್ದದ ಹಾಡುಗಳ ಬಾಲಕ್ಕೆ ಕತ್ತರಿ ಬಿದ್ದದ್ದು ಅದಕ್ಕೇ.

ಇನ್ನು ಎಣಿಕೆ. ಪರಿಚಯದ ಹಾಡಿಗೆ ಮಾತ್ರ ಅಂಕ ಕೊಟ್ಟು ಉಳಿದದ್ದನ್ನು ಖಾಲಿ ಬಿಡುವ ಚಾಳಿ ದೊಡ್ಡ ಪೀಡೆ. ಹೆಚ್ಚು ಜನ ಕೇಳದ ಹಾಡಿಗೆ ಅದರ ಅಭಿಮಾನಿಗಳಷ್ಟೇ ಮತ ಹಾಕುತ್ತಾರೆ. 12 ಜನರಿಂದ 9.2 ಸರಾಸರಿ ಪಡೆದ ಹಾಡು, 60 ಜನರಿಂದ 8.1 ಪಡೆದ ಹಾಡನ್ನು ಹಿಂದೆ ಹಾಕಿಬಿಡುತ್ತದೆ. ಪರಿಹಾರ ಸುಲಭ: ಇಡೀ ಸಂಪುಟದ ಸರಾಸರಿ 6 ಇದ್ದರೆ, ಪ್ರತಿ ಹಾಡಿಗೂ ತಲಾ 6 ಅಂಕದ ಹತ್ತು ಮತಗಳನ್ನು ಮೊದಲೇ ಸೇರಿಸಿ. ಆಗ ಮೊದಲನೆಯದು 7.7, ಎರಡನೆಯದು 7.8. ಎಲ್ಲರೂ ಎಲ್ಲ ಹಾಡಿಗೂ ಅಂಕ ಕೊಡಲೇಬೇಕು ಎಂದರೆ ಇನ್ನೂ ವಾಸಿ. ಸುಮಾರು 40 ಹಾಡುಗಳ ಜೋಡಿ ಸಿಡಿಯನ್ನು ದಿನಕ್ಕೆ ಎಂಟರಂತೆ ಐದು ದಿನಕ್ಕೆ ಹಂಚಿದರೆ ಕಿವಿಯೂ ದಣಿಯುವುದಿಲ್ಲ. ಒಂದೇ ಸಲ ಕೂತು ಕೇಳಿದರೆ ಎರಡನೇ ಸಿಡಿಯ ಕೊನೆಯ ಹಾಡುಗಳಿಗೆ ಖಂಡಿತ ಅನ್ಯಾಯ.

ಸರಾಸರಿಯೊಂದನ್ನೇ ಪ್ರಕಟಿಸುವುದೂ ಸಾಲದು. ಅರ್ಧ ಜನ 10, ಅರ್ಧ ಜನ 2 ಕೊಟ್ಟರೂ ಸರಾಸರಿ 6. ಎಲ್ಲರೂ ಸಪ್ಪೆಯಾಗಿ 6 ಕೊಟ್ಟರೂ 6. ಮರುಮೌಲ್ಯಮಾಪನ ನಿಜವಾಗಿ ಬೇಕಿರುವುದು ಮೊದಲ ಬಗೆಯ ಹಾಡುಗಳಿಗೆ. ವೆಟ್ ವೆಟ್ ವೆಟ್ ತಂಡದ ‘ಲವ್ ಈಸ್ ಆಲ್ ಅರೌಂಡ್’ 1994ರಲ್ಲಿ 15 ವಾರ ಮೊದಲ ಸ್ಥಾನ ಬಿಟ್ಟು ಕದಲಲಿಲ್ಲ. ಕಡೆಗೆ ತಂಡವೇ ಅದರ ಮಾರಾಟ ನಿಲ್ಲಿಸಿತು. ಅಂದು ಕೇಳಿ ಕೇಳಿ ಬೇಸತ್ತವರ ಅಂಕವನ್ನೂ ಇಂದು ಮೊದಲ ಸಲ ಕೇಳುವವರ ಅಂಕವನ್ನೂ ಬೇರೆ ಬೇರೆ ಕಾಲಂನಲ್ಲಿ ಹಾಕಿದರೆ, ಹಾಡು ಸೋತದ್ದು ರಾಗದಿಂದಲೋ ರೇಡಿಯೊದ ಅತಿರೇಕದಿಂದಲೋ ಗೊತ್ತಾಗುತ್ತದೆ.

ಕೊನೆಯದಾಗಿ ವಾಲ್ಯೂಮ್. ದಶಕದ ಕೊನೆಯ ಸಿಡಿಗಳು ಮೊದಲಿನವಕ್ಕಿಂತ ಜೋರಾಗಿವೆ, ಜೋರಾದದ್ದು ಕಿವಿಗೆ ಚೆನ್ನಾಗಿದೆ ಅನ್ನಿಸುತ್ತದೆ. 1990ರ ಹಾಡನ್ನೂ 1999ರ ಹಾಡನ್ನೂ ಒಂದೇ ಮತಪತ್ರದಲ್ಲಿ ಇಡುವವರು ಪ್ಲೇಯರಿನಲ್ಲಿ ಧ್ವನಿ ಸಮಗೊಳಿಸುವ ಆಯ್ಕೆಯನ್ನು ಒತ್ತಿಯೇ ಕೇಳಲು ಶುರು ಮಾಡಲಿ.

— ಒಬ್ಬ ಓದುಗ, ಮೈಸೂರು