ಫ್ಯಾನ್ ಆಫ್ ಮಾಡಿ ಕೇಳು

ಪ್ರೀತಿಯ ತಂಗಿ,

ನಿನ್ನ ಕಥೆ ಓದಿದೆ. ಚೆನ್ನಾಗಿದೆ, ಆದರೆ ಗದ್ದಲ ಜಾಸ್ತಿ. ಆ ತಾಯಿ ರಾತ್ರಿ ಒಬ್ಬಳೇ ಪಾತ್ರೆ ತೊಳೆದು ಬೋರಲು ಹಾಕುತ್ತಾಳಲ್ಲ, ಅಷ್ಟಕ್ಕೇ ನನ್ನ ಗಂಟಲು ಕಟ್ಟಿತ್ತು. ಅದರ ಹಿಂದೆಯೇ ನೀನು ‘ಹೇಳಲಾಗದ ನೋವು’, ‘ಆಳವಾದ ಒಂಟಿತನ’, ಮಳೆ, ಮಿಂಚು ಎಲ್ಲಾ ತಂದು ಸುರಿದೆ. ಯಾಕೆ? ಓದುವವರಿಗೆ ಅರ್ಥ ಆಗಲ್ಲ ಅಂತ ಭಯವಾ?

ಬೈಯುವುದು ಸಾಕು, ಒಂದು ಬ್ಯಾಂಡಿನ ವಿಷಯ ಹೇಳುತ್ತೇನೆ. ಯಂಗ್ ಮಾರ್ಬಲ್ ಜೈಂಟ್ಸ್ ಅಂತ ಹೆಸರು. ವೇಲ್ಸ್‌ನ ಕಾರ್ಡಿಫ್‌ನವರು, 1978ರಲ್ಲಿ ಶುರು ಮಾಡಿದ್ದು. ಸ್ಟುವರ್ಟ್ ಮತ್ತು ಫಿಲಿಪ್ ಮಾಕ್ಸ್‌ಹ್ಯಾಮ್ ಅಂತ ಅಣ್ಣತಮ್ಮಂದಿರು, ಹಾಡುವುದಕ್ಕೆ ಆಲಿಸನ್ ಸ್ಟ್ಯಾಟನ್. ಪಂಕ್ ಅನ್ನುವ ಅಬ್ಬರದ ರಾಕ್ ಸಂಗೀತ ಆಗ ತಾನೇ ಕೂಗಾಡಿ ಸುಸ್ತಾಗಿತ್ತು. ಇವರು ಡ್ರಮ್ಮರ್‌ನನ್ನೇ ಇಟ್ಟುಕೊಳ್ಳಲಿಲ್ಲ. ಕಸಿನ್ ಪೀಟರ್ ಜಾಯ್ಸ್ ಕೈಯಾರೆ ಮಾಡಿಕೊಟ್ಟ ಡ್ರಮ್ ಮಷೀನಿನ ತಾಳವನ್ನು ಕ್ಯಾಸೆಟ್ಟಿಗೆ ತುಂಬಿಸಿಕೊಂಡು, ವೇದಿಕೆ ಮೇಲೆ ಅದನ್ನು ಹಾಕಿ ಜೊತೆಗೆ ನುಡಿಸುತ್ತಿದ್ದರು. ತಬಲಾದವನಾದರೆ ಹಾಡುವವರ ಮುಖ ನೋಡಿ ಸ್ವಲ್ಪ ನಿಧಾನ ಮಾಡುತ್ತಾನೆ, ಕ್ಯಾಸೆಟ್ ಯಾರಿಗೂ ಕಾಯಲ್ಲ ಅಲ್ವಾ? ಸ್ಟುವರ್ಟ್ ಅಂಗೈಯನ್ನು ತಂತಿಗೆ ಒತ್ತಿ ಗಿಟಾರ್ ಮೀಟುತ್ತಾನೆ, ಸ್ವರ ಹುಟ್ಟಿದ ಕೂಡಲೇ ಬಾಲ ಕತ್ತರಿಸಿದ ಹಾಗೆ, ಟಕ್ ಟಕ್. ಆ ಸಂದಿಯಲ್ಲಿ ಫಿಲಿಪ್‌ನ ಬೇಸ್ ಗಿಟಾರ್ ಓಡಾಡುತ್ತದೆ. ಆಲಿಸನ್ ಹಾಡಿದರೆ, ಯಾರೋ ಕೊಡಕ್ಕೆ ನೀರು ಬಿಟ್ಟುಕೊಂಡು ತಮ್ಮಷ್ಟಕ್ಕೆ ಗುನುಗಿದ ಹಾಗೆ. ಗಮಕವಿಲ್ಲ, ಅಳು ಇಲ್ಲ.

ಹಾಗಂತ ಸುಮ್ನೆ ಕತ್ತರಿಸುತ್ತಾ ಹೋಗಬೇಡ. ನಾನೂ ಒಂದು ಕಾಲದಲ್ಲಿ ಕಂಡದ್ದೆಲ್ಲಾ ಕತ್ತರಿಸಿದ್ದೆ, ಉಳಿದದ್ದು ಬರೀ ಎಲುಬು. ನಾಲ್ಕು ಕಥೆ ಹಾಗೇ ಹಾಳಾದವು, ಅವನ್ನು ನಿನಗೆ ತೋರಿಸುವುದಿಲ್ಲ. ಈ ಹಾಡುಗಳಲ್ಲಿ ಬೇಸ್ ಒಂದು ಸ್ವರ ಆಚೀಚೆ ಆದರೂ ಮರೆಮಾಚಲು ಬೇರೆ ಸದ್ದೇ ಇಲ್ಲ. ನಿನ್ನ ಕಥೆಯ ತಾಯಿ ಪಾತ್ರೆ ಬೋರಲು ಹಾಕುವ ವಾಕ್ಯವೂ ಹಾಗೆ ಒಂಟಿಯಾಗಿ ನಿಲ್ಲಬೇಕು. ಎಷ್ಟು ಲೋಟ, ಎಷ್ಟು ತಟ್ಟೆ? ಅದನ್ನು ಬರೆದಿಲ್ಲ ನೀನು. ಗಂಡನ ತಟ್ಟೆ ಅದರಲ್ಲಿ ಇತ್ತಾ?

ಇನ್ನು ‘ಒಂದೇ ಸಂಕಲನ ಬಂದು ನಿಂತುಹೋದರೆ’ ಅಂತ ಕೇಳಿದ್ದೀಯ. ಇವರದ್ದೂ ಒಂದೇ ಆಲ್ಬಂ, ‘ಕಲೋಸಲ್ ಯೂತ್’. 1980ರಲ್ಲಿ ರಫ್ ಟ್ರೇಡ್ ಅನ್ನುವ ರೆಕಾರ್ಡ್ ಕಂಪನಿ ತಂದಿತು. ಹದಿನೈದು ಹಾಡು, ಕೆಲವೇ ದಿನಗಳ ರೆಕಾರ್ಡಿಂಗ್. ಅದಾಗಿ ಹೆಚ್ಚು ಕಾಲ ಬ್ಯಾಂಡ್ ಉಳಿಯಲಿಲ್ಲ. ಆಮೇಲೆ ನೋಡು, ಗಂಟಲು ಹರಿದುಕೊಂಡು ಹಾಡುತ್ತಿದ್ದ ‘ನಿರ್ವಾಣ’ ಬ್ಯಾಂಡಿನ ಕರ್ಟ್ ಕೊಬೇನ್ ತನಗೆ ತುಂಬಾ ಇಷ್ಟದ ಆಲ್ಬಂಗಳ ಪಟ್ಟಿಯಲ್ಲಿ ಈ ಪಿಸುಮಾತಿನ ಆಲ್ಬಂ ಬರೆದುಕೊಂಡಿದ್ದ. ಅವನ ಹೆಂಡತಿ ಕರ್ಟ್ನಿ ಲವ್‌ಳ ಬ್ಯಾಂಡ್ ಹೋಲ್, ಇದರದೇ ಒಂದು ಹಾಡನ್ನು 1994ರಲ್ಲಿ ಅಬ್ಬರದ ಗಿಟಾರ್ ಹಾಕಿ ಹಾಡಿತು. ಅಷ್ಟು ಸದ್ದು ತುಂಬಿದರೂ ಹಾಡು ಕೆಡಲಿಲ್ಲ, ಅದೇ ನನಗೆ ಆಶ್ಚರ್ಯ. 2007ರಲ್ಲಿ ವೇಲ್ಸ್‌ನ ಹೇ ಸಾಹಿತ್ಯ ಉತ್ಸವದಲ್ಲಿ ಇವರು ಮತ್ತೆ ಸೇರಿ ನುಡಿಸಿದರು. ಎರಡನೇ ಆಲ್ಬಂ ಮಾತ್ರ ಬರಲಿಲ್ಲ. ಅದಕ್ಕೆ ನನಗೇನೂ ಬೇಜಾರಿಲ್ಲ.

ಮೊದಲು ಪಾತ್ರೆಯ ಆ ಪ್ಯಾರಾ ಒಂದೇ ತಿದ್ದಿ ಕಳಿಸು. ಆಲ್ಬಂ ಮಾತ್ರ ಬಸ್ಸಿನಲ್ಲಿ ಕೇಳಬೇಡ. ರಾತ್ರಿ ಎಲ್ಲರೂ ಮಲಗಿದ ಮೇಲೆ, ಫ್ಯಾನ್ ಆಫ್ ಮಾಡಿ. ಫ್ಯಾನ್ ತಿರುಗುತ್ತಿದ್ದರೆ ಅರ್ಧ ಹಾಡು ಕೇಳಿಸುವುದೇ ಇಲ್ಲ.

ನಿನ್ನ ಅಕ್ಕ